ಊರಲ್ಲಿ ವಾಂತಿ-ಭೇದಿ ಹರಡಿದಾಗ ಜನರೊಂದಿಗೆ ಮಾತನಾಡುವುದು ಹೇಗೆ: ಪಂಚಾಯಿತಿ ಮತ್ತು ಆರೋಗ್ಯ ಸಿಬ್ಬಂದಿಗೊಂದು ಮಾರ್ಗದರ್ಶಿ

ಘಟಪ್ರಭೆ, ಮಲಪ್ರಭೆಗಳ ಒಡಲು ಬತ್ತುವ ಬೇಸಿಗೆಯ ಕೊನೆಯಲ್ಲಿ ಮತ್ತು ದೊಡ್ಡ ಮಳೆ ಸುರಿದ ಬೆನ್ನಿಗೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಯಾವುದಾದರೊಂದು ಊರಿನಿಂದ ವಾಂತಿ-ಭೇದಿಯ ಸುದ್ದಿ ಬರುವುದು ಹೊಸದಲ್ಲ. ಕಾರಣವೂ ಬಹುತೇಕ ಗೊತ್ತಿರುವಂಥದ್ದೇ. ಚರಂಡಿಯ ಪಕ್ಕದಲ್ಲೋ ಅದರೊಳಗಿಂದಲೋ ಹಾದುಹೋದ ಪೈಪು ಎಲ್ಲೋ ಒಡೆದಿರುತ್ತದೆ. ನೀರು ಬಿಟ್ಟು ನಿಲ್ಲಿಸಿದಾಗ ಪೈಪಿನೊಳಗಿನ ಒತ್ತಡ ಇಳಿದು ಹೊರಗಿನ ಹೊಲಸು ಒಳಗೆ ಸೇರುತ್ತದೆ. ಮರುದಿನ ಅದೇ ನೀರು ಮನೆಮನೆಯ ಕೊಡ ತುಂಬುತ್ತದೆ. 2022ರ ಅಕ್ಟೋಬರ್‌ನಲ್ಲಿ ರಾಮದುರ್ಗ ತಾಲ್ಲೂಕಿನ ಮುದೇನೂರಿನಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ಆಸ್ಪತ್ರೆ ಸೇರಿದರು, ಸಾವುಗಳೂ ಸಂಭವಿಸಿದವು.

ಇಂಥ ಹೊತ್ತಿನಲ್ಲಿ ವೈದ್ಯಕೀಯವಾಗಿ ಏನು ಮಾಡಬೇಕೆಂಬುದು ಇಲಾಖೆಗೆ ತಿಳಿದಿದೆ. ಓಆರ್‌ಎಸ್ ಹಂಚುವುದು, ಮಕ್ಕಳಿಗೆ 14 ದಿನ ಝಿಂಕ್ ಮಾತ್ರೆ ಕೊಡುವುದು, ನಿರ್ಜಲೀಕರಣ ತೀವ್ರವಾದವರಿಗೆ ಸಲೈನ್ ಏರಿಸುವುದು, ಮಲದ ಮತ್ತು ನೀರಿನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸುವುದು, ಇವೆಲ್ಲ ರೂಢಿಗೆ ಬಂದಿರುವ ಕೆಲಸಗಳು. ರೂಢಿಗೆ ಬಾರದೆ ಉಳಿದಿರುವುದು ಜನರೊಂದಿಗೆ ಮಾತನಾಡುವ ಕೆಲಸ. ಪಂಚಾಯಿತಿ ಕಚೇರಿಗೆ ಬೀಗ ಬೀಳುವುದು, ನೀರುಗಂಟಿಯ ಮೇಲೆ ಜನ ಕೈಮಾಡುವುದು, ಆಶಾ ಕಾರ್ಯಕರ್ತೆಯನ್ನು ಓಣಿಯೊಳಗೆ ಬಿಟ್ಟುಕೊಳ್ಳದಿರುವುದು, ಇವು ಕಾಯಿಲೆಯಿಂದ ನೇರವಾಗಿ ಹುಟ್ಟುವುದಿಲ್ಲ. ತಮ್ಮಿಂದ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಭಾವನೆಯಿಂದ ಹುಟ್ಟುತ್ತವೆ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು (ಪಿಡಿಒ), ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಪಂಚಾಯಿತಿ ಸದಸ್ಯರು ಮತ್ತು ಆಶಾ ಕಾರ್ಯಕರ್ತೆಯರನ್ನು ಮನಸ್ಸಿನಲ್ಲಿಟ್ಟು ಮುಂದಿನ ಹೆಜ್ಜೆಗಳನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ವರದಿ ಬರುವವರೆಗೆ ಕಾಯಬೇಡಿ

ನೀರಿನಲ್ಲಿ ಮಲಮೂಲದ ಸೂಕ್ಷ್ಮಾಣುಗಳಿವೆಯೇ ಎಂದು ನೋಡುವ ಎಚ್2ಎಸ್ ಬಾಟಲಿಯ ಪರೀಕ್ಷೆಗೆ 24ರಿಂದ 48 ತಾಸು ಬೇಕು. ಕಾಲರಾ ಹೌದೋ ಅಲ್ಲವೋ ಎಂದು ಖಚಿತಪಡಿಸುವ ಮಲದ ಕಲ್ಚರ್ ಪರೀಕ್ಷೆಗೂ ಎರಡು ಮೂರು ದಿನ ಹಿಡಿಯುತ್ತದೆ. ಬಹಳಷ್ಟು ಅಧಿಕಾರಿಗಳು ‘ವರದಿ ಬಂದ ಮೇಲೆ ಹೇಳೋಣ’ ಎಂದು ಸುಮ್ಮನಾಗುವುದು ಈ ಎರಡು ದಿನಗಳಲ್ಲೇ. ಊರು ಸುಮ್ಮನಿರುವುದಿಲ್ಲ. ಅಷ್ಟರಲ್ಲಿ ಯಾರೋ ಟ್ಯಾಂಕಿಗೆ ವಿಷ ಹಾಕಿದ್ದಾರೆ ಎಂದೋ, ಸತ್ತವರ ಸಂಖ್ಯೆಯನ್ನು ಮುಚ್ಚಿಟ್ಟಿದ್ದಾರೆ ಎಂದೋ ಸುದ್ದಿ ಹಬ್ಬಿರುತ್ತದೆ, ಮತ್ತು ಮೂರನೆಯ ದಿನ ವರದಿ ಹಿಡಿದು ಬಂದ ಅಧಿಕಾರಿಯ ಮಾತನ್ನು ಯಾರೂ ನಂಬುವ ಸ್ಥಿತಿಯಲ್ಲಿರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊರತಂದ ಸಾಂಕ್ರಾಮಿಕ ಸಂದರ್ಭದ ಸಂವಹನ ಮಾರ್ಗಸೂಚಿಯು ವಿಶ್ವಾಸ ಗಳಿಸುವುದು ಮತ್ತು ಬೇಗ ಪ್ರಕಟಿಸುವುದು, ಇವೆರಡನ್ನೂ ಮೂಲಸೂತ್ರಗಳಲ್ಲಿ ಸೇರಿಸಿರುವುದು ಇದಕ್ಕಾಗಿಯೇ.

ಒಂದೇ ಓಣಿಯಲ್ಲಿ ಒಂದೇ ದಿನ ನಾಲ್ಕೈದು ಮನೆಗಳಲ್ಲಿ ವಾಂತಿ-ಭೇದಿ ಕಾಣಿಸಿಕೊಂಡರೆ ಅಂದೇ, ಕೆಲವೇ ತಾಸುಗಳಲ್ಲಿ, ಮೊದಲ ಪ್ರಕಟಣೆ ಹೊರಡಬೇಕು. ಅದರಲ್ಲಿ ಐದು ಸಂಗತಿಗಳಿರಲಿ: ನಮಗೆ ತಿಳಿದಿರುವುದು, ಇನ್ನೂ ತಿಳಿಯದಿರುವುದು, ನಾವು ಮಾಡುತ್ತಿರುವುದು, ನೀವು ಮಾಡಬೇಕಾದುದು, ಮುಂದಿನ ಮಾಹಿತಿಯನ್ನು ಯಾವಾಗ ಎಲ್ಲಿ ಕೊಡುತ್ತೇವೆ ಎಂಬುದು. ಡಂಗುರಕ್ಕೆ, ಕಸದ ಗಾಡಿಯ ಮೈಕಿಗೆ, ಗುಡಿ ಮತ್ತು ಮಸೀದಿಯ ಧ್ವನಿವರ್ಧಕಕ್ಕೆ ಒಂದೇ ಪಠ್ಯ ಹೋಗಬೇಕು, ಮತ್ತು ಅದು ಊರಿನವರು ಆಡುವ ಮಾತಿನಲ್ಲಿರಬೇಕು. ಉದಾಹರಣೆಗೆ:

“ಊರಾನ ಮಂದಿಗೆ ತಿಳಿಸೋದೇನಂದ್ರ, ಹನಮಪ್ಪನ ಗುಡಿ ಓಣ್ಯಾಗ ಇವತ್ತು ಮುಂಜಾನಿಂದ ಆರು ಮಂದಿಗೆ ವಾಂತಿ-ಭೇದಿ ಆಗೈತಿ. ಎಲ್ಲಾರ್ನೂ ದವಾಖಾನಿಗೆ ಸೇರಿಸೇವಿ. ನೀರಿಂದನ ಆಗೇತೋ ಇಲ್ಲೋ ಇನ್ನಾ ಖಾತ್ರಿ ಆಗಿಲ್ಲ. ನೀರು ತಪಾಸಣಿಗೆ ಕಳಿಸೇವಿ, ಎರಡ ದಿನ ಬೇಕು. ಅಲ್ಲೀತನಕ ನಳದ ನೀರು ಕುಡಿಯಾಕ ಬಳಸಬ್ಯಾಡ್ರಿ. ಸಂಜಿ ನಾಕಕ್ಕ ಟ್ಯಾಂಕರ್ ಬರತೈತಿ. ಆ ನೀರನ್ನೂ ಕಾಸಿ, ಆರಿಸಿ ಕುಡೀರಿ. ಭೇದಿ ಆದ ಕೂಡಲೇ ಓಆರ್‌ಎಸ್ ಕುಡಸ್ರಿ, ಆಶಾ ಅಕ್ಕಾರ ಮನೀಗೆ ಸುದ್ದಿ ಮುಟ್ಟಸ್ರಿ. ಇವತ್ತು ಸಂಜಿ ಏಳಕ್ಕ ಪಂಚಾಯ್ತಿ ಕಟ್ಟಿ ಮುಂದ ಮತ್ತ ಹೇಳತೇವಿ.”

ಇದರಲ್ಲಿ ‘ಯಾರೂ ಗಾಬರಿಯಾಗಬೇಡಿ’ ಎಂಬ ಮಾತನ್ನು ಬೇಕೆಂದೇ ಬಿಟ್ಟಿದ್ದೇನೆ. ಮಗುವಿಗೆ ನಿಲ್ಲದೆ ಭೇದಿಯಾಗುತ್ತಿರುವ ತಾಯಿಗೆ ಆ ಮಾತಿನಿಂದ ಸಮಾಧಾನ ಸಿಗುವುದಿಲ್ಲ. ಏನು ಮಾಡಬೇಕೆಂದು ಹೇಳಿದರೆ ಸಿಗುತ್ತದೆ. ಹಾಗೆಯೇ ‘ಪರಿಸ್ಥಿತಿ ಸಂಪೂರ್ಣ ಹತೋಟಿಯಲ್ಲಿದೆ’ ಎಂದು ಮೊದಲ ದಿನವೇ ಹೇಳಿಬಿಟ್ಟರೆ, ಮರುದಿನ ಹತ್ತು ಹೊಸ ರೋಗಿಗಳು ಬಂದಾಗ ಹಿಂದೆ ಹೇಳಿದ್ದೆಲ್ಲ ಸುಳ್ಳಾಗುತ್ತದೆ. ಕಾಲರಾದ ಸೋಂಕು ತಗುಲಿದ ಕೆಲವೇ ತಾಸುಗಳಿಂದ 5 ದಿನಗಳವರೆಗೆ ಯಾವಾಗ ಬೇಕಾದರೂ ಲಕ್ಷಣ ಕಾಣಿಸಿಕೊಳ್ಳಬಹುದು. ಆದ್ದರಿಂದ ನೀರು ನಿಲ್ಲಿಸಿದ ಮೇಲೂ ಇನ್ನೂ ಕೆಲವರು ಕಾಯಿಲೆ ಬೀಳಬಹುದೆಂದು ಮುಂಚಿತವಾಗಿಯೇ ಹೇಳಿಡುವುದು ಜಾಣತನ.

ಹೇಳಿದ ಹೊತ್ತಿಗೆ ಹೊಸ ಮಾಹಿತಿ ಇರಲಿ ಇಲ್ಲದಿರಲಿ, ಕಟ್ಟೆಯ ಮುಂದೆ ನೀವು ನಿಂತಿರಲೇಬೇಕು. ‘ವರದಿ ಇನ್ನೂ ಬಂದಿಲ್ಲ, ನಾಳೆ ಮುಂಜಾನೆ ಎಂಟಕ್ಕೆ ಮತ್ತೆ ಬರುತ್ತೇನೆ’ ಎಂದು ಹೇಳಲು ಬಂದವರನ್ನು ಜನ ನಂಬುತ್ತಾರೆ.

ಎರಡನೆಯ ಹೆಜ್ಜೆ: ಹೇಳುವವರು ಯಾರೆಂದು ಗೊತ್ತುಮಾಡಿ

ಪಿಡಿಒ ಒಂದು ಸಂಖ್ಯೆ, ತಾಲ್ಲೂಕು ಆರೋಗ್ಯಾಧಿಕಾರಿ ಇನ್ನೊಂದು ಸಂಖ್ಯೆ, ಸ್ಥಳೀಯ ಸದಸ್ಯರೊಬ್ಬರು ಮೂರನೆಯ ಸಂಖ್ಯೆ ಹೇಳಿದರೆ ಮೂರನ್ನೂ ಯಾರೂ ನಂಬುವುದಿಲ್ಲ. ಕಾಯಿಲೆ, ರೋಗಿಗಳ ಸಂಖ್ಯೆ ಮತ್ತು ಚಿಕಿತ್ಸೆಯ ಬಗ್ಗೆ ತಾಲ್ಲೂಕು ಆರೋಗ್ಯಾಧಿಕಾರಿ ಅಥವಾ ಅವರು ಹೆಸರಿಸಿದ ವೈದ್ಯರು ಮಾತ್ರ ಮಾತನಾಡಲಿ. ನೀರು, ಟ್ಯಾಂಕರ್ ಮತ್ತು ಪೈಪಿನ ದುರಸ್ತಿಯ ಬಗ್ಗೆ ಪಿಡಿಒ ಮಾತನಾಡಲಿ. ದಿನಕ್ಕೆರಡು ಸಲ, ಗೊತ್ತುಪಡಿಸಿದ ಹೊತ್ತಿಗೆ, ಒಂದೇ ಪುಟದ ಮಾಹಿತಿ ತಯಾರಾಗಿ ಎಲ್ಲರ ಕೈಗೂ ಸೇರಲಿ. ಸಂಖ್ಯೆ ಬದಲಾದರೆ ಏಕೆ ಬದಲಾಯಿತೆಂದು ಅದೇ ಪುಟದಲ್ಲಿ ಬರೆಯಿರಿ.

ಆದರೆ ಪುಟವನ್ನು ಓಣಿಗೆ ಮುಟ್ಟಿಸುವ ಬಾಯಿಗಳು ಹಲವಿರಬೇಕು. ಖಾನಾಪುರ, ನಿಪ್ಪಾಣಿ ಕಡೆಯ ಊರುಗಳಲ್ಲಿ ಮರಾಠಿಯಲ್ಲೂ, ವಿಜಯಪುರ ಜಿಲ್ಲೆಯ ತಾಂಡಾಗಳಲ್ಲಿ ಲಂಬಾಣಿಯಲ್ಲೂ, ಮುಸ್ಲಿಂ ಓಣಿಗಳಲ್ಲಿ ದಖನಿಯಲ್ಲೂ ಅದೇ ವಿಷಯವನ್ನು ಹೇಳಬಲ್ಲವರನ್ನು ಮುಂಚಿತವಾಗಿ ಗುರುತಿಸಿಕೊಳ್ಳಿ. ಸ್ವಸಹಾಯ ಸಂಘದ ಅಧ್ಯಕ್ಷೆ, ಅಂಗನವಾಡಿ ಕಾರ್ಯಕರ್ತೆ, ಮಠದ ಸ್ವಾಮಿಗಳು, ಜಮಾತಿನ ಹಿರಿಯರು, ಶಾಲೆಯ ಮುಖ್ಯೋಪಾಧ್ಯಾಯರು, ಊರಿನಲ್ಲಿ ಖಾಸಗಿಯಾಗಿ ವೈದ್ಯಕೀಯ ಸೇವೆ ಮಾಡುವವರು, ಔಷಧ ಅಂಗಡಿಯವರು, ಇವರೆಲ್ಲರಿಗೂ ಸುದ್ದಿ ಹೊರಗೆ ಹೋಗುವ ಮೊದಲೇ ಒಂದು ಕರೆ ಹೋಗಬೇಕು. ಅವರನ್ನು ಬಿಟ್ಟುಹೋದರೆ ಅವರೇ ಮೊದಲ ವಿಮರ್ಶಕರಾಗುತ್ತಾರೆ, ಮತ್ತು ಅದರಲ್ಲಿ ಅವರ ತಪ್ಪೇನೂ ಇಲ್ಲ. ಕಬ್ಬು ಕಡಿಯಲು ಬಂದು ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿಕೊಂಡಿರುವ ಕುಟುಂಬಗಳಿಗೆ ಡಂಗುರ ಕೇಳಿಸುವುದಿಲ್ಲ ಎಂಬುದನ್ನು ಮರೆಯಬೇಡಿ. ಅಲ್ಲಿಗೆ ಒಬ್ಬರು ನಡೆದೇ ಹೋಗಬೇಕು.

ಮೂರನೆಯ ಹೆಜ್ಜೆ: ಜಗಳ ಎಲ್ಲಿ ಹುಟ್ಟಬಹುದೆಂದು ಮೊದಲೇ ಬರೆದಿಟ್ಟುಕೊಳ್ಳಿ

ಊರಿನ ಸಂಘರ್ಷ ಹಠಾತ್ತನೆ ಹುಟ್ಟುವುದು ಕಡಿಮೆ. ಕಾಯಿಲೆಯು ಹಳೆಯ ಬೇಗುದಿಗೆ ಬಾಯಿ ಕೊಡುತ್ತದೆ. ಪೈಪಿನ ಕೊನೆಯಲ್ಲಿರುವ ಕೇರಿಗೆ ವರ್ಷಗಳಿಂದ ನೀರು ಸರಿಯಾಗಿ ಬಂದಿರುವುದಿಲ್ಲ, ಎಷ್ಟೋ ಊರುಗಳಲ್ಲಿ ಆ ಕೇರಿ ದಲಿತರದ್ದಾಗಿರುತ್ತದೆ, ಮತ್ತು ಹೊಲಸು ಸೇರುವುದು ಒತ್ತಡ ಕಡಿಮೆಯಿರುವ ಆ ತುದಿಯಲ್ಲೇ ಹೆಚ್ಚು. ಈಗ ಟ್ಯಾಂಕರ್ ಮೊದಲು ಊರಗೌಡರ ಮನೆಯ ಮುಂದೆ ನಿಂತರೆ ಅಲ್ಲಿ ಕೂಗಾಟವಾಗದೆ ಇರುತ್ತದೆಯೇ? ಟ್ಯಾಂಕರ್ ಎಲ್ಲಿಂದ ಶುರುವಾಗಿ ಯಾವ ಯಾವ ಓಣಿಗೆ ಎಷ್ಟು ಹೊತ್ತಿಗೆ ಹೋಗುತ್ತದೆಂಬ ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಿ, ಅತಿ ಹೆಚ್ಚು ರೋಗಿಗಳಿರುವ ಓಣಿಯಿಂದಲೇ ಶುರುಮಾಡಿ, ಆ ಕಾರಣವನ್ನೂ ಪಟ್ಟಿಯ ಮೇಲೆ ಬರೆಯಿರಿ. ಶುದ್ಧ ಕುಡಿಯುವ ನೀರಿನ ಘಟಕ ಸುಸ್ಥಿತಿಯಲ್ಲಿದ್ದರೆ ಅಷ್ಟು ದಿನ ನಾಣ್ಯವಿಲ್ಲದೆ ನೀರು ಬಿಡುವ ತೀರ್ಮಾನ ಮಾಡಿ. ಹತ್ತು ಸಭೆಗಳಿಂದ ಆಗದ ಸಮಾಧಾನ ಇದರಿಂದ ಆಗುತ್ತದೆ.

ಎರಡನೆಯ ಜಗಳ ಬ್ಲೀಚಿಂಗ್ ಪುಡಿಯದು. ಕ್ಲೋರಿನ್ ಹಾಕಿದ ನೀರು ವಾಸನೆ ಬರುತ್ತದೆಂದು ಜನ ಅದನ್ನು ಚೆಲ್ಲಿ ಹೊಲದ ಬಾವಿಯ ನೀರು ತರುತ್ತಾರೆ, ಆ ಬಾವಿಯೇ ಹೆಚ್ಚು ಅಪಾಯದ್ದಾಗಿರಬಹುದು. ಇಲ್ಲಿ ಭಾಷಣದಿಂದ ಪ್ರಯೋಜನವಿಲ್ಲ, ತೋರಿಸಬೇಕು. ನಳದ ಬಳಿ ಹತ್ತು ಜನರನ್ನು ನಿಲ್ಲಿಸಿಕೊಂಡು, ನೀರಿನಲ್ಲಿ ಉಳಿದಿರುವ ಕ್ಲೋರಿನ್ ಅಳೆಯುವ ಸಾಧನವಾದ ಕ್ಲೋರೋಸ್ಕೋಪಿನ ಗಾಜಿನ ನಳಿಕೆಯಲ್ಲಿ ನೀರು ಹಿಡಿದು, ದ್ರಾವಣದ ಹನಿ ಹಾಕಿ, ನೀರು ಹಳದಿಗೆ ತಿರುಗುವುದನ್ನು ಅವರ ಕೈಯಲ್ಲೇ ಕೊಟ್ಟು ನೋಡಿಸಿ. ನಳದ ತುದಿಯಲ್ಲಿ ಲೀಟರ್‌ಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಭಾರತೀಯ ಮಾನಕ. ಟ್ಯಾಂಕಿನ ಹತ್ತಿರದ ನಳದಲ್ಲಿ ಬಣ್ಣ ಬಂದು ಕೊನೆಯ ಕೇರಿಯ ನಳದಲ್ಲಿ ಬಾರದಿದ್ದರೆ ಅದನ್ನೂ ಮುಚ್ಚದೆ ತೋರಿಸಿ, ಏಕೆಂದರೆ ಆ ಕೇರಿಯವರು ಇಷ್ಟು ದಿನ ಹೇಳುತ್ತಿದ್ದುದು ಅದನ್ನೇ. ದಿನವೂ ಯಾವ ನಳದಲ್ಲಿ ಎಷ್ಟು ಬಂತೆಂದು ಕಪ್ಪುಹಲಗೆಯ ಮೇಲೆ ಬರೆಯುವ ಕೆಲಸವನ್ನು ಆಯಾ ಓಣಿಯ ಹುಡುಗ ಹುಡುಗಿಯರಿಗೇ ಒಪ್ಪಿಸಬಹುದು.

ಮೂರನೆಯದು, ‘ಯಾರ ತಪ್ಪು?’ ಎಂಬ ಪ್ರಶ್ನೆ. ಈ ಪ್ರಶ್ನೆ ನೀರುಗಂಟಿಯ ಕೊರಳಿಗೆ ಬೀಳುವುದು ಬಹಳ ಸುಲಭ, ಏಕೆಂದರೆ ಅವನು ಕೈಗೆ ಸಿಗುತ್ತಾನೆ. ಪೈಪು ಹಾಕಿದ ಗುತ್ತಿಗೆದಾರ, ಚರಂಡಿ ಮುಚ್ಚದ ಪಂಚಾಯಿತಿ, ದೂರು ಬಂದರೂ ನೋಡದ ಎಂಜಿನಿಯರು ಯಾರೂ ಅಲ್ಲಿರುವುದಿಲ್ಲ. ಮೊದಲ ಸಭೆಯಲ್ಲೇ ಸ್ಪಷ್ಟವಾಗಿ ಹೇಳಿ: ಮೊದಲು ಜೀವ ಉಳಿಸುವ ಕೆಲಸ, ಹೊಣೆ ಯಾರದೆಂಬುದನ್ನು ಇಂಥ ಅಧಿಕಾರಿ ವಿಚಾರಿಸುತ್ತಾರೆ, ಊರಿನವರು ಕೊಡುವ ಹಳೆಯ ದೂರಿನ ಪ್ರತಿಗಳು ಅದರಲ್ಲಿ ಸೇರುತ್ತವೆ. ಮತ್ತು ಆ ಪ್ರತಿಗಳನ್ನು ಅಲ್ಲೇ ಸ್ವೀಕರಿಸಿ ಸಹಿ ಮಾಡಿದ ರಸೀದಿ ಕೊಡಿ.

ನಾಲ್ಕನೆಯ ಹೆಜ್ಜೆ: ಸಿಟ್ಟಿನ ಸಭೆಯನ್ನು ನಡೆಸುವ ಬಗೆ

ಸಭೆಯನ್ನು ಪಂಚಾಯಿತಿಯ ಒಳಕೋಣೆಯಲ್ಲಿ ಇಡಬೇಡಿ. ಹೊರಗೆ ಉಳಿದವರಿಗೆ ಒಳಗೆ ಒಳಸಂಚು ನಡೆದಂತೆ ಕಾಣುತ್ತದೆ. ಎಲ್ಲ ಕೇರಿಯವರೂ ಹಿಂಜರಿಕೆಯಿಲ್ಲದೆ ಬಂದು ಕೂರಬಹುದಾದ ಜಾಗ ಬೇಕು, ಹಾಗಾಗಿ ಗುಡಿಯ ಕಟ್ಟೆಗಿಂತ ಶಾಲೆಯ ಅಂಗಳ ಮೇಲು. ಹೆಂಗಸರು ನೀರು ಹಿಡಿಯುವ ಮತ್ತು ಅಡುಗೆಯ ಹೊತ್ತನ್ನು ಬಿಟ್ಟು ಸಭೆ ಕರೆಯಿರಿ, ಏಕೆಂದರೆ ಯಾವ ದಿನದಿಂದ ನೀರಿನ ಬಣ್ಣ ಕೆಟ್ಟಿತ್ತು, ಯಾವ ನಳದಲ್ಲಿ ವಾಸನೆಯಿತ್ತು ಎಂಬುದನ್ನು ಖಚಿತವಾಗಿ ಹೇಳಬಲ್ಲವರು ಅವರೇ. ಮೇಜು ಕುರ್ಚಿ ಹಾಕಿ ಎದುರುಬದುರಾಗಿ ಕೂರುವುದಕ್ಕಿಂತ ಜನರ ನಡುವೆ ಕೂರುವುದು ಒಳ್ಳೆಯದು.

ಮೊದಲ ಇಪ್ಪತ್ತು ನಿಮಿಷ ಅಧಿಕಾರಿಗಳು ಮಾತನಾಡದೆ ಕೇಳಬೇಕು, ಇದು ಹೇಳುವಷ್ಟು ಸುಲಭವಲ್ಲ. ಬೈಗುಳವೂ ಬರುತ್ತದೆ, ಹಳೆಯ ಪುರಾಣವೂ ಬರುತ್ತದೆ. ಅದರ ನಡುವೆ ‘ಹದಿನೈದು ದಿನದ ಹಿಂದೆ ಗಟಾರದಾಗ ಪೈಪು ಒಡದೈತಿ ಅಂತ ಹೇಳಿದ್ವಿ’ ಎಂಬ ಒಂದು ಮಾತು ಬರುತ್ತದೆ, ಮತ್ತು ಸೋರಿಕೆಯ ಜಾಗ ಹುಡುಕುತ್ತಿರುವ ತಂಡಕ್ಕೆ ಬೇಕಾಗಿರುವುದು ಆ ಮಾತೇ. ಸಿಟ್ಟನ್ನು ಶಿಸ್ತಿನ ಸಮಸ್ಯೆಯಾಗಿ ನೋಡುವವರ ಕಿವಿಗೆ ಅದು ಬೀಳುವುದಿಲ್ಲ. ಒಬ್ಬರು ಎಲ್ಲ ದೂರುಗಳನ್ನೂ ಬರೆದುಕೊಂಡು ಕೊನೆಯಲ್ಲಿ ಗಟ್ಟಿಯಾಗಿ ಓದಲಿ. ತಾನು ಹೇಳಿದ್ದು ದಾಖಲಾಗಿದೆ ಎಂದು ಕೇಳಿಸಿಕೊಂಡ ಮನುಷ್ಯ ದನಿಯನ್ನು ತಾನೇ ಇಳಿಸುತ್ತಾನೆ. ಆಮೇಲೆ ಇವತ್ತೇ ಆಗುವುದು, ಈ ವಾರ ಆಗುವುದು, ನಮ್ಮ ಕೈಯಲ್ಲಿಲ್ಲದ್ದು ಎಂದು ಮೂರಾಗಿ ವಿಂಗಡಿಸಿ ಉತ್ತರಿಸಿ. ಪರಿಹಾರದ ಹಣದ ಮಾತು ನಿಮ್ಮ ಅಧಿಕಾರದಲ್ಲಿ ಇಲ್ಲವಾದ್ದರಿಂದ, ಒತ್ತಾಯ ಎಷ್ಟೇ ಇದ್ದರೂ ಮೊತ್ತ ಹೇಳಬೇಡಿ. ಬೇಡಿಕೆಯನ್ನು ಯಾರಿಗೆ, ಯಾವ ದಿನ ಕಳಿಸುತ್ತೀರೆಂದು ಹೇಳಿ ಆ ದಿನವೇ ಕಳಿಸಿ.

ಐದನೆಯ ಹೆಜ್ಜೆ: ಸಾವು ಸಂಭವಿಸಿದಾಗ

ಇಡೀ ಪ್ರಕರಣದ ದಿಕ್ಕು ನಿರ್ಧಾರವಾಗುವುದು ಈ ಘಳಿಗೆಯಲ್ಲಿ. ಮನೆಯವರಿಗೆ ಸುದ್ದಿ ಮುಟ್ಟುವ ಮೊದಲು ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಟಿವಿಯಲ್ಲಿ ಬಂದುಬಿಟ್ಟರೆ ಆ ಗಾಯ ಮಾಯುವುದಿಲ್ಲ. ಚಿಕಿತ್ಸೆ ನೀಡಿದ ವೈದ್ಯರೇ ಕುಟುಂಬದ ಒಬ್ಬಿಬ್ಬರು ಹತ್ತಿರದವರನ್ನು ಕೂರಿಸಿ, ರೋಗಿ ಯಾವ ಸ್ಥಿತಿಯಲ್ಲಿ ಬಂದರು, ಏನೇನು ಮಾಡಲಾಯಿತು, ಯಾವಾಗ ತೀರಿಕೊಂಡರು ಎಂಬುದನ್ನು ಸರಳ ಮಾತಿನಲ್ಲಿ ಹೇಳಬೇಕು. ‘ತಡಮಾಡಿ ಕರೆತಂದಿರಿ’ ಎಂಬ ಮಾತು ನಿಜವಾಗಿದ್ದರೂ ಆ ಹೊತ್ತಿನಲ್ಲಿ ಬೇಡ. ‘ಅವರಿಗೆ ಮೊದಲೇ ಬಿಪಿ ಇತ್ತು, ಶುಗರ್ ಇತ್ತು, ವಯಸ್ಸಾಗಿತ್ತು’ ಎಂದು ಪತ್ರಿಕೆಗಳಿಗೆ ಹೇಳಿ ಸಾವನ್ನು ನೀರಿನಿಂದ ಬಿಡಿಸಿಕೊಳ್ಳುವ ಅಭ್ಯಾಸವಂತೂ ನಿಲ್ಲಲೇಬೇಕು. ಸಾವಿನ ಕಾರಣ ಪರಿಶೀಲನೆಯಲ್ಲಿದ್ದರೆ ಪರಿಶೀಲನೆಯಲ್ಲಿದೆ ಎಂದಷ್ಟೇ ಹೇಳಿ. ಶವ ಸಾಗಿಸುವ ವಾಹನ, ಅಂತ್ಯಕ್ರಿಯೆಗೆ ಬೇಕಾದ ಕಾಗದಪತ್ರ, ಇವುಗಳಿಗಾಗಿ ಕುಟುಂಬ ಅಲೆಯದಂತೆ ಒಬ್ಬ ಸಿಬ್ಬಂದಿಯನ್ನು ಅವರ ಜೊತೆಗೆ ಕಳಿಸಿ.

2020ರ ಜುಲೈಯಲ್ಲಿ ಬೆಳಗಾವಿಯ ಆಸ್ಪತ್ರೆಯೊಂದರ ಆವರಣದಲ್ಲಿ ಕೋವಿಡ್ ರೋಗಿಯೊಬ್ಬರ ಸಾವಿನ ಬಳಿಕ ಆಂಬುಲೆನ್ಸ್‌ಗೆ ಬೆಂಕಿ ಬಿದ್ದುದನ್ನು ಈ ಭಾಗದವರು ಮರೆತಿಲ್ಲ. ಅಂಥ ಕೃತ್ಯಕ್ಕೆ ಸಮರ್ಥನೆಯಿಲ್ಲ. ಆದರೆ ಒಳಗೆ ಬಿಡದ ಆಸ್ಪತ್ರೆಯ ಹೊರಗೆ ನಿಂತ ಬಂಧುಗಳಿಗೆ ದಿನಕ್ಕೆರಡು ಸಲ ರೋಗಿಯ ಸ್ಥಿತಿ ತಿಳಿಸುವ ಒಬ್ಬ ಮನುಷ್ಯ ಪ್ರತಿ ವಾರ್ಡಿಗೂ ಇರಬೇಕು ಎಂಬುದು ಎಲ್ಲ ಆಸ್ಪತ್ರೆಗಳಿಗೂ ಅನ್ವಯಿಸುವ ಮಾತು.

ಆರನೆಯ ಹೆಜ್ಜೆ: ಗಾಳಿಮಾತು ಮತ್ತು ಪತ್ರಿಕೆ

2017ರ ಫೆಬ್ರುವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ನಡೆದಾಗ ವಾಟ್ಸ್‌ಆ್ಯಪ್ ವದಂತಿಗಳಿಂದ ಹಲವು ಪೋಷಕರು ಹಿಂಜರಿದರು. ವದಂತಿಯನ್ನು ಅಲ್ಲಗಳೆಯುವಾಗ ವದಂತಿಯನ್ನೇ ಮೊದಲು ದೊಡ್ಡದಾಗಿ ಹೇಳಿದರೆ ಕೇಳದವರಿಗೂ ಅದು ತಲುಪುತ್ತದೆ. ನಿಜವನ್ನು ಮೊದಲು ಹೇಳಿ, ವದಂತಿಯನ್ನು ಒಮ್ಮೆ ಮಾತ್ರ ಪ್ರಸ್ತಾಪಿಸಿ, ಮತ್ತೆ ನಿಜಕ್ಕೇ ಬನ್ನಿ. ಹಬ್ಬಿಸಿದವರಿಗಿಂತ ನಂಬಿದವರ ಸಂಖ್ಯೆ ದೊಡ್ಡದು ಮತ್ತು ಅವರು ಅಪರಾಧಿಗಳಲ್ಲ. ಅವರನ್ನು ಮೂರ್ಖರೆಂದು ಕರೆದರೆ ಮುಂದಿನ ಮಾತು ಅವರ ಕಿವಿಗೆ ಹೋಗುವುದಿಲ್ಲ.

ಪತ್ರಕರ್ತರಿಗೆ ದಿನಕ್ಕೊಂದು ನಿಗದಿತ ಹೊತ್ತು ಕೊಡಿ, ಅವರ ಮುದ್ರಣದ ಸಮಯಕ್ಕೆ ಮುಂಚೆ. ರೋಗಿಯ ಹೆಸರು, ಜಾತಿ, ಮನೆಯ ಗುರುತು ಬಿಟ್ಟುಕೊಡಬೇಡಿ. ಊರಿನ ಹೆಸರನ್ನು ಮುಚ್ಚಿಡಲಾಗದು, ಆದರೆ ಊರಿಗೆ ಕಳಂಕ ಹತ್ತದಂತೆ ನೋಡಿಕೊಳ್ಳಬಹುದು. 2020ರಲ್ಲಿ ಕೋವಿಡ್‌ನಿಂದಾಗಿ ಬೆಳಗಾವಿ ಜಿಲ್ಲೆಯ ಹಿರೇಬಾಗೇವಾಡಿ, ಕುಡಚಿಗಳು ಸೀಲ್‌ಡೌನ್ ಆದಾಗ ಆ ಊರಿನ ಹೆಸರು ಹೇಳಿದರೆ ಸಾಕು ಜನ ದೂರ ಸರಿಯುವಂತಾಗಿತ್ತು. ವಾಂತಿ-ಭೇದಿಯ ಊರಿನಿಂದ ಸಂತೆಗೆ ಬಂದ ತರಕಾರಿ, ಡೇರಿಗೆ ಬಂದ ಹಾಲು, ಶಾಲೆಗೆ ಬಂದ ಮಗು, ಇವರನ್ನು ತಿರಸ್ಕರಿಸುವ ಅಗತ್ಯವಿದೆಯೇ ಇಲ್ಲವೇ ಎಂಬುದನ್ನು ವೈದ್ಯರೇ ನೆರೆಯೂರಿನ ಪಂಚಾಯಿತಿಗೆ ಬರೆದು ತಿಳಿಸಬೇಕು.

ಏಳನೆಯ ಹೆಜ್ಜೆ: ಕಾನೂನು ಯಾವಾಗ

ಬೆಳಗಾವಿ, ವಿಜಯಪುರಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲೇ, ಪ್ಲೇಗಿನ ಹಾವಳಿಯ ನಡುವೆ, 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂದಿತು. ಆ ವರ್ಷ ಪುಣೆಯಲ್ಲಿ ಸೈನಿಕರು ಮನೆ ನುಗ್ಗಿ ರೋಗಿಗಳನ್ನು ಹುಡುಕಿದ ರೀತಿಯಿಂದ ಎದ್ದ ಆಕ್ರೋಶ, ಪ್ಲೇಗ್ ಅಧಿಕಾರಿ ರ‍್ಯಾಂಡ್‌ನ ಹತ್ಯೆಯವರೆಗೂ ಹೋಯಿತು. ಬಲಪ್ರಯೋಗದಿಂದ ರೋಗಿಗಳು ಅಡಗುತ್ತಾರೆ ಎಂಬುದು ಅಂದಿನಂತೆ ಇಂದೂ ನಿಜ.

ಹಾಗೆಂದು ಸಿಬ್ಬಂದಿ ಏಟು ತಿನ್ನುತ್ತ ಕೆಲಸ ಮಾಡಬೇಕೆಂದಲ್ಲ. ಆ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯು ಸಾಂಕ್ರಾಮಿಕದ ವೇಳೆ ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ 3 ತಿಂಗಳಿಂದ 5 ವರ್ಷ, ತೀವ್ರ ಗಾಯಗೊಳಿಸಿದರೆ 6 ತಿಂಗಳಿಂದ 7 ವರ್ಷ ಸೆರೆವಾಸ ಗೊತ್ತುಪಡಿಸಿತು. ವೈದ್ಯಕೀಯ ಸಿಬ್ಬಂದಿಯ ರಕ್ಷಣೆಗೆ ಕರ್ನಾಟಕದ್ದೇ ಆದ 2009ರ ಕಾಯ್ದೆಯೂ ಇದೆ. ಆಶಾ ಕಾರ್ಯಕರ್ತೆ ಇಬ್ಬರ ಜೊತೆಗೂಡಿ, ಆ ಓಣಿಯ ಒಬ್ಬ ಹಿರಿಯಳನ್ನು ಕರೆದುಕೊಂಡು ಸಮೀಕ್ಷೆಗೆ ಹೋಗಲಿ. ಬೆದರಿಕೆ ಬಂದ ಮನೆಗೆ ಅವಳನ್ನು ಮತ್ತೆ ಒಂಟಿಯಾಗಿ ಕಳಿಸಬೇಡಿ. 112ಕ್ಕೆ ಕರೆ ಮಾಡುವುದು ಅವಳ ಹಕ್ಕು. ಪೊಲೀಸರು ಆಸ್ಪತ್ರೆಯ ಬಾಗಿಲಲ್ಲಿರಲಿ, ಓಣಿಯ ಸಮೀಕ್ಷೆಯಲ್ಲಿ ಬೇಡ.

ಕಾಯಿಲೆ ನಿಂತ ಮೇಲೆ

ಹೊಸ ರೋಗಿಗಳು ಬಾರದೆ ದಿನಗಳು ಕಳೆದು ವೈದ್ಯರು ಒಪ್ಪಿದ ಮೇಲೆ, ಮೊದಲ ಪ್ರಕಟಣೆ ಹೊರಟ ದಾರಿಯಲ್ಲೇ ನೀರು ಕುಡಿಯಲು ಯೋಗ್ಯ ಎಂಬ ಪ್ರಕಟಣೆಯೂ ಹೊರಡಬೇಕು. ಪರೀಕ್ಷೆಯ ವರದಿಯ ಪ್ರತಿಯನ್ನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿ. ಬಹುತೇಕ ಕಡೆ ಈ ಹೆಜ್ಜೆ ತಪ್ಪಿಹೋಗುತ್ತದೆ. ಟ್ಯಾಂಕರ್ ಒಂದು ದಿನ ಹೇಳದೆ ನಿಲ್ಲುತ್ತದೆ, ಜನ ಅನುಮಾನದಲ್ಲೇ ನಳ ತಿರುಗಿಸುತ್ತಾರೆ.

ಒಂದು ತಿಂಗಳೊಳಗೆ ವಿಶೇಷ ಗ್ರಾಮಸಭೆ ಕರೆದು, ಮೊದಲ ಸಭೆಯಲ್ಲಿ ಬರೆದುಕೊಂಡ ದೂರುಗಳ ಪಟ್ಟಿಯನ್ನೇ ಕೈಯಲ್ಲಿ ಹಿಡಿದು, ಆಗಿದ್ದು ಮತ್ತು ಆಗದ್ದನ್ನು ಒಂದೊಂದಾಗಿ ಓದಿ. ವಿಚಾರಣೆಯ ಫಲ ಬಂದಿದ್ದರೆ ಅದನ್ನೂ ಓದಿ, ಬಾರದಿದ್ದರೆ ಕಡತ ಯಾರ ಮೇಜಿನ ಮೇಲಿದೆಯೆಂದು ಹೇಳಿ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಕಾಗದದ ಮೇಲಷ್ಟೇ ಉಳಿದಿದ್ದರೆ ಅದಕ್ಕೆ ಜೀವ ಕೊಡುವ ಹೊತ್ತು ಇದು: ಪೈಪಿನ ಕೊನೆಯ ಕೇರಿಯಿಂದ ಇಬ್ಬರು ಹೆಂಗಸರನ್ನು ಅದಕ್ಕೆ ಸೇರಿಸಿ, ಕ್ಲೋರೋಸ್ಕೋಪನ್ನು ಅವರ ಮನೆಯಲ್ಲೇ ಇಡಿ, ಬಣ್ಣ ಬಾರದ ದಿನ ಅವರು ನೇರವಾಗಿ ಕರೆ ಮಾಡಬಹುದಾದ ಪಿಡಿಒ ಮತ್ತು ಆರೋಗ್ಯ ನಿರೀಕ್ಷಕರ ದೂರವಾಣಿ ಸಂಖ್ಯೆಗಳನ್ನು ನಳದ ಪಕ್ಕದ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿ.